ಕಡ ತಂದ ಪಾಪ

"ಮೈಕಲ್ಲಿ ಒದರಿದ್ದು ನೀನೇ ತಾನೇನ್ಲಾ, ಕಳ್ ನನ್ಮಗನೆ? 'ಯಜಮಾನ್ರ ತೋಟದಾಗೆ ಕಾಯಿ ಕದ್ದೆ, ಮಾರ್ಕಂಡು ಕುಡುದೆ' ಅಂತ ಊರಿಗೆಲ್ಲ ಕೇಳಂಗೆ ಬಾಯಿ ಬಡ್ಕಂಡೋನು ಈಗ ಕದ್ದೇ ಇಲ್ಲ ಅಂತೀಯಲ್ಲ, ನಾಚ್ಕೆ ಆಗಕಿಲ್ವೇನ್ಲಾ?"

ತೋಟದ ಅಂಗಳದಲ್ಲಿ ನೆಲಕ್ಕೆ ನೆಟ್ಟ ಸಲಾಕೆಯ ಮೇಲೆ ಕಾಯಿ ಸುಲಿಯುತ್ತಿದ್ದ ನನ್ನ ಗಂಡ ಮರಿಯಣ್ಣ ಹಾಗೇ ನಿಂತುಬಿಟ್ಟ. ಅರ್ಧ ಸುಲಿದ ಕಾಯಿ ಸಲಾಕೆಗೆ ಚುಚ್ಚಿಕೊಂಡೇ ಇತ್ತು. ಅದನ್ನು ಕೀಳಬೇಕೋ ಬಿಡಬೇಕೋ ತಿಳಿಯದೆ ಎರಡೂ ಕೈಯನ್ನು ಅದರ ಮೇಲಿಟ್ಟು ತಲೆ ತಗ್ಗಿಸಿಕೊಂಡಿದ್ದ. ಅಟ್ಟದಿಂದ ಇಳಿಸಿದ ಒಣಕಾಯಿಯ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತ ಕೂತಿದ್ದ ನಾವು ಹೆಂಗಸರೆಲ್ಲ ಕೈ ನಿಲ್ಲಿಸಿದೆವು. ತೋಟದ ಒಡೆಯ ನಟರಾಜ್ ಬೈಯುವಾಗ ಯಾರೂ ಕೆಲಸ ಮಾಡಬಾರದು, ಕೇಳಬೇಕು. ಹೆಸರು ನಟರಾಜ್ ಅಂತಿದ್ದರೂ ಕೇರಿಯ ಬಾಯಲ್ಲಿ ಅವರು ಯಜಮಾನರು, ಎದುರಿಗೆ ನಿಂತರೆ ಬುದ್ಧಿ.

"ಕದ್ದಿಲ್ಲ ಬುದ್ಧಿ," ಅಂದ ಮರಿಯಣ್ಣ. ಅವನ ದನಿ ಅವನಿಗೇ ಕೇಳಿಸಿತೋ ಇಲ್ಲವೋ.

"ಹಂಗಾರೆ ನಿಮ್ ದೇವ್ರ ಮುಂದೆ ಸುಳ್ಳು ಹೇಳ್ದಾ? ಎರಡ್ರಾಗೆ ಒಂದು ಒಪ್ಕಳಲಾ ಬೋಳಿಮಗನೆ. ಕಳ್ಳನಾ, ಸುಳ್ಳನಾ?"

ಉತ್ತರ ಮರಿಯಣ್ಣನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕಳ್ಳ ಅಂದರೆ ಊರಲ್ಲಿ ಮಾನ ಹೋಗುತ್ತಿತ್ತು, ಸುಳ್ಳ ಅಂದರೆ ನಾವು ಸೇರಿದ್ದ ಏಸುವಿನ ಸಭೆಯಲ್ಲಿ ಹೋಗುತ್ತಿತ್ತು. ನಮಗೆ ಮಾನ ಅಂತ ಸಿಕ್ಕಿದ್ದೇ ಆ ಸಭೆಯಲ್ಲಿ, ಅದೂ ಈಚೆಗೆ.

"ಬರೋ ಭಾನುವಾರ ನಾನೇ ಬತ್ತೀನಿ ನಿಮ್ ಪ್ರಾರ್ಥನೆ ಮನೆಗೆ. ನಂಗೊಂದು ಕುರ್ಚಿ ಹಾಕ್ಸು. ಅದೇ ಮೈಕಲ್ಲಿ ಇನ್ನೊಂದ್ಸಲ ಹೇಳು. ಹೇಳ್ಬುಟ್ಟು ಎಲ್ರ ಎದ್ರಿಗೆ ನನ್ ಕಾಲಿಗೆ ಉದ್ದಕ್ಕೆ ಬೀಳು. ಕ್ಷಮ್ಸ್ತೀನಿ. ನಿಮ್ ಏಸು ಒಬ್ನೇ ಏನ್ಲಾ ಕ್ಷಮ್ಸೋದು?" ಯಜಮಾನರು ತಮ್ಮ ಮಾತಿಗೆ ತಾವೇ ನಕ್ಕರು. ಅವರ ಹಿಂದಿದ್ದ ಟ್ರ್ಯಾಕ್ಟರ್ ಡ್ರೈವರ್ರೂ ನಕ್ಕ. "ಆಗಕಿಲ್ಲ ಅಂದ್ರೆ ನನ್ ತೋಟದೊಳಗಿನ ದಾರಿಗೆ ಮುಳ್ಳು ಹಾಕಿ ಮುಚ್ತೀನಿ. ಆಕಾಸದಿಂದ ಇಳ್ಕಂಡು ಬನ್ನಿ ಪ್ರಾರ್ಥನೆಗೆ. ಆಮೇಲೆ ಅರಸೀಕೆರೆಯಿಂದ ನಾಕು ಹುಡುಗ್ರುನ್ನ ಕರ್ಸಿದ್ರೆ ಗೊತ್ತಲ್ಲ, ನಿಮ್ ಪಾಸ್ಟ್ರು ಬೈಕ್ ಬಿಟ್ಟು ಓಡ್ಬೇಕು."

ಅವರು ಹೋದ ಮೇಲೆ ಮರಿಯಣ್ಣ ಆ ಕಾಯಿಯನ್ನು ಕಿತ್ತು, ಮಟ್ಟೆ ಬಿಡಿಸಿ, ರಾಶಿಗೆ ಹಾಕಿದ. ಇನ್ನೊಂದು ಎತ್ತಿಕೊಂಡ. ನಾನು ಅವನ ಮುಖ ನೋಡಲಿಲ್ಲ, ನೋಡಿದ್ದರೆ ಕೈಯಲ್ಲಿದ್ದ ಚಿಪ್ಪನ್ನು ಯಾರ ತಲೆಗಾದರೂ ಎಸೆಯುತ್ತಿದ್ದೆ.

ಯಜಮಾನರ ಸಿಟ್ಟು ಕಾಯಿಯದಲ್ಲ ಅಂತ ಕೇರಿಯ ಕೂಸಿಗೂ ಗೊತ್ತು. ಹಬ್ಬದ ಮಾರನೆಯ ದಿನ ಅವರ ಹಿತ್ತಿಲ ಬಾಗಿಲಲ್ಲಿ ನಿಂತು, ಬಗ್ಗಿ, ಉಳಿದ ಅನ್ನ ಸಾರು ಪಾತ್ರೆಗೆ ಹೊಯ್ಯಿಸಿಕೊಂಡು ಬರುವುದು ನಮ್ಮ ಅತ್ತೆಯ ಕಾಲದಿಂದ ನಡೆದು ಬಂದಿತ್ತು. ಸಭೆಗೆ ಸೇರಿದ ಮನೆಯವರು ಅದನ್ನು ನಿಲ್ಲಿಸಿದೆವು. ಪಾಸ್ಟರ್ ಹೇಳಿದ್ದಕ್ಕಲ್ಲ. ವಾರವಾರ ಒಂದೇ ಚಾಪೆಯ ಮೇಲೆ ಎಲ್ಲರ ಜೊತೆ ಕೂತು, ಒಂದೇ ಲೋಟದಲ್ಲಿ ಏಸು ಕರ್ತನ ಹೆಸರಿನ ದ್ರಾಕ್ಷಿ ರಸ ಕುಡಿದು ಅಭ್ಯಾಸವಾದ ಮೇಲೆ ಬೆನ್ನು ಮುಂಚಿನ ಹಾಗೆ ಬಗ್ಗುವುದಿಲ್ಲ. ಹಿತ್ತಿಲ ಬಾಗಿಲಲ್ಲಿ ಬಗ್ಗದವರು ತಮ್ಮ ದೇವರ ಮುಂದೆಯೇ ಬಗ್ಗಲಿ ಅನ್ನುವುದು ಯಜಮಾನರ ಆಸೆ. ಅದಕ್ಕೆ ದಾರಿ ಮಾಡಿಕೊಟ್ಟವನು ನನ್ನ ಗಂಡನೇ. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ನಮ್ಮ ಪ್ರಾರ್ಥನೆ ಮನೆ ಇರುವುದು ಕಣಕಟ್ಟೆಯಿಂದ ಒಳಕ್ಕೆ ಬಂದರೆ ಸಿಗುವ ನಮ್ಮ ಕೇರಿಯ ಕೊನೆಯಲ್ಲಿ. ಶೀಟಿನ ಮಾಡು, ಸಿಮೆಂಟಿನ ನೆಲ. ಎದುರಿನ ಬೇವಿನ ಮರಕ್ಕೆ ಒಂದು ಸ್ಪೀಕರ್ ಕಟ್ಟಿದೆ. ಪಾಸ್ಟರ್ ವಿಜಯಸಾರಥಿಯವರು ಅರಸೀಕೆರೆಯವರು, ಭಾನುವಾರ ಬೈಕಿನಲ್ಲಿ ಬರುತ್ತಾರೆ. ಅವರ ತಂದೆ ಮೇಷ್ಟರು, ತಾತ ದೇವಸ್ಥಾನದಲ್ಲಿ ಪೂಜೆ ಮಾಡುತ್ತಿದ್ದವರು. ಮನೆಯವರೆಲ್ಲ ತಮ್ಮನ್ನು ಬಿಟ್ಟರೂ ಅವರು ಏಸುವನ್ನು ಬಿಡಲಿಲ್ಲ. ಒಳ್ಳೆಯವರು. ನಮ್ಮ ಮನೆಯ ನೀರು ಕೇಳಿ ಕುಡಿದ ಮೊದಲ ಮೇಲ್ಜಾತಿಯವರು ಅವರೇ. ಇದನ್ನು ಹೇಳದೆ ಉಳಿದದ್ದನ್ನು ಹೇಳಿದರೆ ಅನ್ಯಾಯವಾಗುತ್ತದೆ.

ಸಭೆಯಲ್ಲಿ ಹಾಡು ಮುಗಿದ ಮೇಲೆ ಸಾಕ್ಷಿ. ಒಬ್ಬೊಬ್ಬರೇ ಎದ್ದು ಮೈಕು ಹಿಡಿದು, ತಾನು ಮುಂಚೆ ಎಂಥ ಪಾಪಿಯಾಗಿದ್ದೆ, ಕರ್ತನು ತನ್ನನ್ನು ಹೇಗೆ ಎತ್ತಿದ ಅಂತ ಹೇಳಬೇಕು. ಪಾಸ್ಟರ್ ತಮ್ಮ ಸಾಕ್ಷಿ ಹೇಳುವಾಗ ಅದರಲ್ಲಿ ಬರೀ ಪುಸ್ತಕಗಳೇ ಬರುತ್ತವೆ. ಅದನ್ನು ಓದಿದೆ, ಇದನ್ನು ಓದಿದೆ, ಸತ್ಯ ಸಿಗಲಿಲ್ಲ ಅನ್ನುತ್ತಾರೆ. ನಮ್ಮ ಸಾಕ್ಷಿಯಲ್ಲಿ ಬರುವುದು ಹೆಂಡ, ಸತ್ತ ದನ, ಹೊಡೆದಾಟ. ನಮ್ಮ ಪಕ್ಕದ ಮನೆಯ ಚಲುವಮ್ಮಜ್ಜಿಗೆ ಅಂಥದ್ದೇನೂ ಇರಲಿಲ್ಲ, ಪಾಪ. ಓರಗಿತ್ತಿಯ ಎಮ್ಮೆಯ ಹಾಲು ಬತ್ತಲಿ ಅಂತ ಹರಕೆ ಹೊತ್ತಿದ್ದೆ ಅಂತ ಹೇಳಿ ಅಳುತ್ತಿದ್ದಳು. ವಾರ ಬಿಟ್ಟು ವಾರ ಅದೇ ಎಮ್ಮೆ. ಆದರೂ ಜನ "ಆಮೆನ್" ಅನ್ನುತ್ತಿದ್ದರು.

ಮರಿಯಣ್ಣನಿಗೆ ಎಮ್ಮೆಯೂ ಇರಲಿಲ್ಲ. ಅವನು ಕುಡಿಯುವವನಲ್ಲ, ಹೊಡೆಯುವವನಲ್ಲ. ಮದುವೆಯಾದಾಗಿನಿಂದ ಒಂದು ದಿನ ನನ್ನ ಮೇಲೆ ಕೈ ಎತ್ತಿದವನಲ್ಲ. ನಾನೇ ಒಂದು ಸಲ ಸೌದೆ ಎಸೆದಿದ್ದೆ. ಪಾಸ್ಟರ್ ಪ್ರತಿ ವಾರ, "ಸಹೋದರ ಮರಿಯಣ್ಣ, ನಿಮ್ಮ ಸಾಕ್ಷಿ ಯಾವಾಗ? ಪಾಪ ಮಾಡದವನು ಭೂಮಿಯ ಮೇಲೆ ಒಬ್ಬನೂ ಇಲ್ಲ," ಅಂತ ನಗುತ್ತ ಕೇಳುತ್ತಿದ್ದರು. ಇವನು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋಗಿಬಿಡುತ್ತಿದ್ದ. ಪಾಪವಿಲ್ಲದ್ದಕ್ಕೆ ಮನುಷ್ಯ ನಾಚಿಕೆಪಡುವುದನ್ನು ನಾನು ನೋಡಿದ್ದು ಅಲ್ಲೇ.

ಒಂದು ಭಾನುವಾರ ಗಂಡಸಿ, ಅರಸೀಕೆರೆ ಕಡೆಯ ವಿಶ್ವಾಸಿಗಳೆಲ್ಲ ಬಂದಿದ್ದರು. ಮರಿಯಣ್ಣ ಯಾರೂ ಕರೆಯದೆ ಎದ್ದು ಮೈಕು ಇಸಿದುಕೊಂಡ. "ಸ್ತೋತ್ರ. ನಾನು ದೊಡ್ಡ ಕುಡುಕ್ನಾಗಿದ್ದೆ. ಬೆಳಿಗ್ಗೆ ಎದ್ರೆ ಬಾಟ್ಲಿ ಬೇಕಾಗಿತ್ತು. ಯಜಮಾನ್ರ ತೋಟದಾಗೆ ಕಾಯಿ ಕದ್ದು ಮಾರಿ ಕುಡೀತಿದ್ದೆ. ಹೆಂಡ್ತಿಗೆ ಹೊಡ್ದು ಕೈ ಮುರ್ದೆ. ಕಕ್ಕಿದ್ರಾಗೇ ಬಿದ್ದಿರ್ತಿದ್ದೆ, ಕರ್ತನೇ, ಕ್ಷಮ್ಸು..." ಅವನು ಅಳುತ್ತಿದ್ದ, ಸುಳ್ಳು ಅಳುವಲ್ಲ. ನನ್ನ ಕೈಯಿಂದ ಹಾಡಿನ ಪುಸ್ತಕ ಜಾರಿ ಬಿತ್ತು.

ಅದು ಅವನ ಕಥೆಯಲ್ಲ, ಅವನ ತಮ್ಮ ಲೋಕೇಶನದು. ಕುಡಿದು ಕುಡಿದು ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ಸತ್ತವನು ಲೋಕೇಶ. ಆಗಿನ್ನೂ ಕೇರಿಗೆ ಸಭೆ ಬಂದಿರಲಿಲ್ಲ. ಕೈ ಮುರಿದದ್ದು ಅವನ ಹೆಂಡತಿ ಆಶಾರಾಣಿಯದು. ಅವಳು ನನ್ನ ಹಿಂದೆಯೇ ಕೂತಿದ್ದಳು.

ಒಂದೇ ಬಚ್ಚಲ ನೀರು ಹರಿಯುವ ಮನೆಗಳಲ್ಲಿ ಗುಟ್ಟು ಎಲ್ಲಿ ಬಂತು? ಕೇರಿಯವರು ಮುಖ ಮುಖ ನೋಡಿಕೊಂಡರು. ಆದರೂ ಯಾರೂ ಏನೂ ಅನ್ನಲಿಲ್ಲ. ಸಾಕ್ಷಿಗೆ ಎಲ್ಲರೂ ಅಷ್ಟಿಷ್ಟು ಒಗ್ಗರಣೆ ಹಾಕುವವರೇ. ಮೇಲಾಗಿ, ಮೈಕಿನಲ್ಲಿ ಕೇಳಿಬಿಟ್ಟ ಮೇಲೆ ಜನಕ್ಕೆ ಕಣ್ಣಾರೆ ಕಂಡದ್ದರ ಮೇಲೇ ಅನುಮಾನ ಬರುತ್ತದೆ. ಹೊರಗಿನಿಂದ ಬಂದವರಂತೂ ಗೊಳೋ ಅಂತ ಅತ್ತರು. ಅಂದಿನಿಂದ ಪಾಸ್ಟರ್ ಎಲ್ಲಿಗೆ ಹೋದರೂ ಬೈಕಿನ ಹಿಂದೆ ಮರಿಯಣ್ಣ. ನನ್ನ ಒಳ್ಳೆಯ ಗಂಡ ಒಳ್ಳೆಯವನು ಅನ್ನಿಸಿಕೊಳ್ಳುವುದಕ್ಕೆ ಮೊದಲು ಕೆಟ್ಟವನಾಗಬೇಕಾಯಿತು.

ಅವತ್ತು ಸಭೆ ಮುಗಿದ ಮೇಲೆ ಅರಸೀಕೆರೆಯ ಒಬ್ಬ ಹೆಂಗಸು ನನ್ನನ್ನು ತಬ್ಬಿಕೊಂಡು, "ಎಷ್ಟು ಏಟು ತಿಂದ್ರೋ ಏನೋ ತಾಯಿ! ಯಾವ ಕೈ ಮುರ್ದಿದ್ದು?" ಅಂತ ಕೇಳಿದಳು. ನನ್ನ ಎರಡೂ ಕೈ ನೆಟ್ಟಗಿದ್ದವು. ಏನು ಹೇಳಲಿ? ಗಂಡ ಸುಳ್ಳ ಅನ್ನಲೇ? ನಾನು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಅವಳು ಸೆರಗಿನ ಮೇಲಿಂದಲೇ ಆ ಕೈ ಸವರಿ ಪ್ರಾರ್ಥನೆ ಮಾಡಿದಳು. ಕಣ್ಣು ಬಿಟ್ಟಾಗ ಆಶಾರಾಣಿ ಚಾಪೆ ಸುತ್ತುತ್ತಿದ್ದಳು. ಅವಳ ಎಡಗೈ ಮೊಣಕೈಯ ಕೆಳಗೆ ಸೊಟ್ಟಗೆ ಕೂಡಿಕೊಂಡಿದೆ, ಪೂರ್ತಿ ಚಾಚಲು ಬರುವುದಿಲ್ಲ. ಆ ಕೈಯಲ್ಲೇ ಚಾಪೆಯನ್ನು ಎದೆಗೆ ಒತ್ತಿ ಹಿಡಿದು ಒಂದು ಸಲ ನನ್ನ ಕಡೆ ನೋಡಿದಳು. ಆ ದಿನದ ನಾಚಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಯಜಮಾನರು ಅಂಗಳದಲ್ಲಿ ಉಗಿದ ವಿಷಯ ತಿಳಿದು ಪಾಸ್ಟರ್ ಸಂಜೆಗೇ ಮನೆಗೆ ಬಂದರು. ಮರಿಯಣ್ಣ ಗೋಡೆಗೆ ಒರಗಿ ಕೂತಿದ್ದ. ನಾನು ಮುದ್ದೆಗೆ ಎಸರಿಟ್ಟಿದ್ದೆ.

"ಸಹೋದರ, ಇದನ್ನು ಕರ್ತನು ಕೊಟ್ಟ ಅವಕಾಶ ಅಂತ ತಿಳಿದುಕೊಳ್ಳಿ," ಅಂದರು ಪಾಸ್ಟರ್. "ಊರಿನ ದೊಡ್ಡ ಮನುಷ್ಯರು ತಾವಾಗಿ ನಮ್ಮ ಸಭೆಗೆ ಬರುತ್ತಿದ್ದಾರೆ. ಸ್ವಲ್ಪ ತಗ್ಗಿದರೆ ತಪ್ಪೇನು? ಕರ್ತನೇ ತನ್ನನ್ನು ತಗ್ಗಿಸಿಕೊಂಡು ಶಿಷ್ಯರ ಕಾಲು ತೊಳೆದ."

"ಅವ್ನು ತೊಳ್ದಿದ್ದು ಮೀನು ಹಿಡಿಯೋರ ಕಾಲು ಸ್ವಾಮಿ," ಅಂದೆ ನಾನು ಒಲೆಯ ಹತ್ತಿರದಿಂದ. "ತೋಟದ ಯಜಮಾನನ ಕಾಲಲ್ಲ."

ಮರಿಯಣ್ಣ, "ಸುಮ್ಕಿರೇ ಶ್ಯಾಮಲ," ಅಂದ.

"ಯಾಕ್ ಸುಮ್ಕಿರ್ಲಿ? ಸ್ವಾಮಿ, ಇವ್ನು ಕುಡ್ದೋನಲ್ಲ, ಕದ್ದೋನಲ್ಲ. ನನ್ ಕೈ ನೋಡಿ, ಸರಿಯಾಗೈತೆ. ಇವ್ನು ಹೇಳಿದ್ದೆಲ್ಲ ಸತ್ತೋಗಿರೋ ಇವ್ನ ತಮ್ಮುಂದು. ಬೇಕಾದ್ರೆ ಪಕ್ಕದ ಮನೇಲಿ ಅವ್ನ ಹೆಂಡ್ತಿ ಅವ್ಳೆ, ಅವ್ಳ ಕೈ ನೋಡ್ಕಂಡು ಬನ್ನಿ."

ಪಾಸ್ಟರ್ ಮರಿಯಣ್ಣನ ಮುಖ ನೋಡಿದರು. ಇವನು ನೆಲ ನೋಡಿದ.

"ಯಾಕೆ ಹೀಗೆ ಮಾಡಿದಿರಿ ಮರಿಯಣ್ಣ?"

ಇವನು ಒಲೆಯ ಕಡೆ ಜರುಗಿ ಸೌದೆ ಮುಂದಕ್ಕೆ ತಳ್ಳಿದ. ನಾನು ಅಂದುಕೊಂಡಿದ್ದೆ, ಎಲ್ಲರಿಗೂ ಒಂದು ಪಾಪವಿದೆ, ತನಗಿಲ್ಲವಲ್ಲ ಅನ್ನುವ ಸಂಕಟಕ್ಕೆ ತಮ್ಮನದನ್ನು ಕಡ ತಂದ ಅಂತ. ಪಾಸ್ಟರ್ ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದರು. ಅವರ ಮುಖವೂ ಬಾಡಿತ್ತು.

"ನೋಡಿ, ಈಗ ಸುಳ್ಳು ಅಂತ ಹೇಳಿದರೆ ನಿಮ್ಮ ಒಬ್ಬರ ಸಾಕ್ಷಿ ಮಾತ್ರ ಹೋಗುವುದಿಲ್ಲ. ಎಲ್ಲರ ಸಾಕ್ಷಿಯೂ ಹೀಗೇ, ದುಡ್ಡು ಕೊಟ್ಟು ಹೇಳಿಸುತ್ತಾರೆ ಅನ್ನುತ್ತಾರೆ. ಕಾಲ ಸರಿಯಿಲ್ಲ. ಮೊನ್ನೆ ಒಂದು ಕಡೆ ಪ್ರಾರ್ಥನೆ ನಡೆಯುತ್ತಿದ್ದ ಹಾಗೇ ನುಗ್ಗಿ ಬೈಬಲ್ ಕಿತ್ತುಕೊಂಡಿದ್ದಾರೆ. ಯಜಮಾನರನ್ನು ಎದುರು ಹಾಕಿಕೊಳ್ಳುವ ಶಕ್ತಿ ನಮಗಿಲ್ಲ. ಅವತ್ತು ಹೇಳಿದ್ದನ್ನೇ ಹೇಳಿ. ಒಂದು ನಿಮಿಷದ ಕೆಲಸ. ಸಭೆ ಉಳಿಯುತ್ತದೆ."

"ಇವ್ನು?" ಅಂದೆ.

"ಏನಮ್ಮ?"

"ಸಭೆ ಉಳೀತೈತೆ. ಇವ್ನು ಉಳೀತಾನಾ ಅಂತ ಕೇಳ್ದೆ."

ಪಾಸ್ಟರ್ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರು. ಮರಿಯಣ್ಣ ಕೈ ಜೋಡಿಸಿದ. ನಾನು ಮುದ್ದೆ ಕೋಲು ಹಿಡಿದುಕೊಂಡು ಹಿಟ್ಟು ತಿರುವಿದೆ.

ಅವರು ಹೋದ ಮೇಲೆ ಗಂಡನನ್ನು ಕೇಳಿದೆ, "ಅಲ್ಲ ಕಣಯ್ಯ, ನಿಜ್ವಾಗ್ಲೂ ಬೀಳ್ತೀಯಾ?"

"ಬಿದ್ರೆ ಏನು ಸವೀತೀನಾ?" ಅಂದ. ಆದರೆ ಮುದ್ದೆ ಮುರಿಯದೆ ತಟ್ಟೆಯಲ್ಲೇ ಕೈ ತೊಳೆದ.

ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಆಶಾರಾಣಿ ಸಿಕ್ಕಿದಳು. ಅವಳು ಬಿಂದಿಗೆಯನ್ನು ನಲ್ಲಿಗೆ ಹಿಡಿದಳು. ಇಷ್ಟು ದಿನ ನಾಲಿಗೆಯ ತುದಿಯಲ್ಲಿದ್ದದ್ದನ್ನು ನಾನು ಕಕ್ಕಿಬಿಟ್ಟೆ.

"ಆಶಾ, ಅವತ್ತು ನಾನು ಕೈ ಮುಚ್ಕಂಡಿದ್ದು... ನಂಗೆ ನಿನ್ ಮುಖ ನೋಡಕ್ಕೆ ಆಗ್ತಿಲ್ಲ ಕಣೇ."

"ಬುಡಕ್ಕ," ಅಂದಳು. "ಭಾವ ಅದುನ್ನ ಹೆಂಗೆ ಹೇಳ್ತಾರೆ ಅಂದ್ರೆ, ಕೇಳ್ತಾ ಕೇಳ್ತಾ ಅದು ನಂಗಾಗಿದ್ದಲ್ಲ, ಬೇರೆ ಯಾರ್ಗೋ ಆಗಿದ್ದು ಅನ್ಸ್ತೈತೆ. ಪಾಸ್ಟ್ರು ನನ್ನೂ ಸಾಕ್ಷಿ ಹೇಳಮ್ಮ ಅಂತಾರೆ. ಏನ್ ಹೇಳ್ಲಿ? ನಂದು ಅಂತ ಇದ್ದಿದ್ದು ಅದೊಂದೇ. ಅದೂ ಹೋಯ್ತು."

ಅವಳು ನಗುತ್ತಲೇ ಹೇಳಿದಳು. ಬಿಂದಿಗೆಯನ್ನು ಬಲಗಡೆ ಸೊಂಟಕ್ಕೆ ಏರಿಸಿಕೊಂಡು ಹೋದಳು. ಅವಳು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಭಾನುವಾರ ಬಂತು. ಪಾಸ್ಟರ್ ಅರಸೀಕೆರೆಯಿಂದಲೇ ಒಂದು ಕುರ್ಚಿ ತರಿಸಿದ್ದರು, ಕೈ ಇರುವ ಕೆಂಪು ಪ್ಲಾಸ್ಟಿಕ್ ಕುರ್ಚಿ. ಅದನ್ನು ಪ್ರಸಂಗ ಹೇಳುವ ಮೇಜಿನ ಪಕ್ಕ, ನಮ್ಮೆಲ್ಲರಿಗೂ ಎದುರಾಗಿ ಇಟ್ಟರು. ಆ ಮನೆಯೊಳಗೆ ಯಾರೂ ಕುರ್ಚಿಯ ಮೇಲೆ ಕೂತದ್ದನ್ನು ಅಲ್ಲಿಯ ತನಕ ನಾವು ಕಂಡಿರಲಿಲ್ಲ, ಪಾಸ್ಟರ್ ಕೂಡ ನೆಲದ ಮೇಲೇ ಕೂರುತ್ತಿದ್ದರು.

ಯಜಮಾನರು ಬಿಳೀ ಪಂಚೆ, ಬಿಳೀ ಅಂಗಿ ಹಾಕಿಕೊಂಡು ಬಂದರು. ನಮ್ಮ ಚಪ್ಪಲಿಗಳೆಲ್ಲ ಬೇವಿನ ಮರದ ಬುಡದಲ್ಲಿದ್ದವು. ಅವರದು ಅವರ ಕಾಲಲ್ಲೇ ಇತ್ತು. ಡ್ರೈವರ್ ಬಾಗಿಲಲ್ಲಿ ನಿಂತು ಮೊಬೈಲ್ ಎತ್ತಿ ಹಿಡಿದ, ವಿಡಿಯೋ ಮಾಡುವುದಕ್ಕೆ. ಪಾಸ್ಟರ್ ಕೈ ಮುಗಿದು ಕೂರಿಸಿದರು. ಯಜಮಾನರು ಕೂತು ಒಂದು ಸಲ ಶೀಟಿನ ಮಾಡು ನೋಡಿದರು, ಗೋಡೆಯ ಮೇಲಿನ ಶಿಲುಬೆ ನೋಡಿದರು, ಆಮೇಲೆ ಒಬ್ಬೊಬ್ಬರ ತಲೆಯನ್ನೂ ನೋಡಿದರು. ಚಾಪೆಯ ಮೇಲೆ ಕೂತ ನಾವು ಸಂತೆಗೆ ತಂದ ಕುರಿಗಳ ಹಾಗೆ ಒಬ್ಬರಿಗೊಬ್ಬರು ಒತ್ತಿಕೊಂಡೆವು.

ಹಾಡು ಮುಗಿಯಿತು. ಪಾಸ್ಟರ್ ಮೈಕು ಹಿಡಿದು, "ನಮ್ಮ ಸಹೋದರ ಮರಿಯಣ್ಣ ಈಗ ಒಂದು ಮಾತು ಹೇಳುತ್ತಾರೆ," ಅಂದರು. ಅವರು ಮೈಕು ಕೊಡುವಾಗ ನನ್ನ ಗಂಡನ ಕಣ್ಣು ನೋಡಲಿಲ್ಲ.

"ಸ್ತೋತ್ರ," ಅಂದ ಮರಿಯಣ್ಣ.

"ಸ್ತೋತ್ರ," ಅಂದೆವು.

"ನಾನು ದೊಡ್ಡ ಕುಡುಕ್ನಾಗಿದ್ದೆ."

"ಆಮೆನ್," ಅಂದಿತು ಸಭೆ, ಅಭ್ಯಾಸಬಲದಿಂದ.

"ಯಜಮಾನ್ರ ತೋಟದಾಗೆ ಕಾಯಿ ಕದ್ದೆ..."

ಅಷ್ಟು ಹೇಳಿ ನಿಂತುಬಿಟ್ಟ. ಯಜಮಾನರು ಎರಡೂ ಕಾಲನ್ನು ಮುಂದಕ್ಕೆ ಚಾಚಿ, ಚಪ್ಪಲಿಯ ತುದಿಯಿಂದ ನೆಲ ಕುಟ್ಟಿದರು. ಹೊರಗಿನ ಸ್ಪೀಕರ್‌ನಲ್ಲಿ ಮರಿಯಣ್ಣನ ಉಸಿರು ಗೊರಗೊರ ಅನ್ನುತ್ತಿತ್ತು. ಅವನು ಯಜಮಾನರ ಕಡೆ ತಿರುಗದೆ ಗೋಡೆಯ ಶಿಲುಬೆಯ ಕಡೆ ತಿರುಗಿದ.

"ಕದ್ದಿಲ್ಲ ಕರ್ತನೇ. ನಿನ್ ಮನೇಲಿ ನಿಂತ್ಕಂಡು ಸುಳ್ಳು ಹೇಳ್ದೆ. ಕದ್ದಿದ್ದು ನನ್ ತಮ್ಮ ಲೋಕೇಶ. ಕುಡ್ದಿದ್ದು ಅವ್ನೇ, ಹೆಂಡ್ತಿ ಕೈ ಮುರ್ದಿದ್ದೂ ಅವ್ನೇ. ನೀನು ನಮ್ ಕೇರಿಗೆ ಬರೋದ್ರೊಳ್ಗೆ ಸತ್ತೋದ. ಕ್ಷಮ್ಸು ಅಂತ ಕೇಳ್ಕಳಾಕೆ ಅವ್ನಿಗೆ ನೀನು ಗೊತ್ತೇ ಇರ್ಲಿಲ್ಲ. ಕೇಳ್ದೆ ಹೋದೋರು ಬೆಂಕೀಗೆ ಹೋಯ್ತಾರೆ ಅಂತ ಪಾಸ್ಟ್ರು ಹೇಳಿದ್ರು. ನಂಗೆ ನಿದ್ದೆ ಬರ್ಲಿಲ್ಲ. ಎತ್ತಾಡ್ಸಿದ ಹುಡ್ಗ ಅವ್ನು. ಅವ್ನ ಪಾಪನ ನಂದು ಅಂತ ಹೇಳಿ ಕೇಳ್ಕಂಡ್ರೆ ನೀನು ಹೆಸ್ರು ನೋಡ್ದೆ ಕ್ಷಮ್ಸ್‌ಬುಡ್ತೀಯ ಅನ್ಕಂಡೆ. ಅದುಕ್ಕೇ ಎಲ್ಲಿ ಕರುದ್ರೂ ಹೋಗಿ ಕೇಳ್ದೆ."

ಇಷ್ಟು ದಿನ ಅವನ ಪಕ್ಕದಲ್ಲೇ ಮಲಗಿ, ಅವನಿಗೆ ಬೈದು, ಅಣಕಿಸಿ, ಈ ಒಂದು ಮಾತು ನನಗೆ ತಿಳಿಯಲಿಲ್ಲ. ಪಾಸ್ಟರ್ ತಲೆ ತಗ್ಗಿಸಿ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಿದ್ದರು. ಬೆಂಕಿಯ ಮಾತು ಹೇಳಿದ್ದವರು ಅವರೇ.

"ಲೇ, ನಾಟ್ಕ ಸಾಕು," ಅಂದರು ಯಜಮಾನರು. "ನಿನ್ ತಮ್ಮ ಅಂತ ನಂಗೂ ಗೊತ್ತು ಕಣ್ಲಾ. ಸತ್ತೋನ ಕೈಲಿ ಕಾಲು ಹಿಡ್ಸಕ್ಕಾಯ್ತದಾ? ಅಣ್ಣ ಇದೀಯಲ್ಲ, ನೀನು ಬೀಳು."

ಎಲ್ಲ ಗೊತ್ತಿದ್ದೇ ಬಂದಿದ್ದರು. ಮರಿಯಣ್ಣ ಶಿಲುಬೆಯಿಂದ ಅವರ ಕಡೆ ತಿರುಗಿ, "ಆಯ್ತು ಬುದ್ಧಿ. ಅವ್ನು ಕದ್ದಿದ್ದು ನಿಜ. ಅವ್ನ ಬದ್ಲಿಗೆ ಬೀಳ್ತೀನಿ," ಅಂತ ಮೊಣಕಾಲೂರಿದ. ನಾನು ಕಣ್ಣು ಮುಚ್ಚಿಕೊಂಡೆ. ಕೇರಿಯ ಮಾನ ಅಂತ ಇದ್ದ ಒಂದು ಹಿಡಿ ಆ ಸಿಮೆಂಟಿನ ನೆಲದ ಮೇಲೆ ಮಗುಚುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

"ಬ್ಯಾಡ ಭಾವ. ಏಳಿ."

ಕಣ್ಣು ಬಿಟ್ಟರೆ ಆಶಾರಾಣಿ. ಚಾಪೆಗಳನ್ನು ದಾಟಿಕೊಂಡು ಬಂದು ಅವನ ಅಂಗಿಯ ಹೆಗಲು ಹಿಡಿದು ಮೇಲಕ್ಕೆ ಜಗ್ಗುತ್ತಿದ್ದಳು. ಕೇರಿಯ ಗಂಡಸರ ಎದುರು ಭಾವನ ನೆರಳನ್ನೂ ದಾಟದಿದ್ದ ಹೆಂಗಸು ಅವಳು. ಅವನು ಎದ್ದು ನಿಂತ ಮೇಲೆ ಮೈಕನ್ನು ಅವನ ಕೈಯಿಂದ ಬಿಡಿಸಿಕೊಂಡಳು. ಅದನ್ನು ಯಾವ ಕಡೆಯಿಂದ ಹಿಡಿಯಬೇಕು ಅಂತ ಒಂದು ಗಳಿಗೆ ನೋಡಿದಳು.

"ಸ್ತೋತ್ರ. ನಾನು ಯಾವತ್ತೂ ಸಾಕ್ಷಿ ಹೇಳಿಲ್ಲ." ಅವಳ ದನಿ ಹೊರಗೆ ಮರದಿಂದ ಬಂದದ್ದಕ್ಕೆ ಅವಳೇ ಬೆಚ್ಚಿದಳು. ಹಿಂದೆಗೆಯಲಿಲ್ಲ. "ನನ್ ಗಂಡ ಮದ್ವೆ ಆದಾಗ ಕುಡೀತಿರ್ಲಿಲ್ಲ. ಮರ ಹತ್ತಾಕೆ ಅವ್ನಷ್ಟು ಚುರುಕು ಯಾರೂ ಇರ್ಲಿಲ್ಲ. ಗಾಳಿ ತಿಂಗ್ಳಲ್ಲಿ ಉದ್ದುದ್ದ ಮರ ಹತ್ತಲ್ಲ, ಹೆದ್ರಿಕೆ ಆಯ್ತದೆ ಅಂದ. ಯಜಮಾನ್ರು ಬೆಳಿಗ್ಗೆ ಬೆಳಿಗ್ಗೇನೇ ಬಾಟ್ಲಿ ತಂದು ಕೈಗಿಟ್ರು. ಕುಡ್ಕಳಲಾ, ಹೆದ್ರಿಕೆ ಹೋಯ್ತದೆ ಅಂದ್ರು. ಹೋಯ್ತು. ದಿನಾ ಕೊಟ್ರು, ದಿನಾ ಹತ್ತಿದ."

"ಆಮೆನ್," ಅಂದ ಹಿಂದಿನಿಂದ ಯಾರೋ. ಆಮೇಲೆ ತಪ್ಪಿ ಅಂದೆ ಅನ್ನುವ ಹಾಗೆ ಸುಮ್ಮನಾದ.

"ಆಮೇಲೆ ಕೈ ನಡುಗಾಕೆ ಶುರುವಾಯ್ತು. ನಡುಗೋ ಕೈ ಬ್ಯಾಡ ಅಂತ ಕೆಲ್ಸಕ್ಕೂ ಕರೀಲಿಲ್ಲ, ಬಾಟ್ಲಿನೂ ಕೊಡ್ಲಿಲ್ಲ. ಆವಾಗ ಕದ್ದ. ಸಿಕ್ಕಿಬಿದ್ದ. ಕಾಯಿ ಸುಲಿಯೋ ಅಂಗಳದಾಗೆ ಎಲ್ರ ಮುಂದೆ ಚಪ್ಲಿ ಬಾಯಲ್ಲಿ ಕಚ್ಚಿಸಿ ನಿಲ್ಸಿದ್ರಿ ಬುದ್ಧಿ. ಈಗ ಹಾಕ್ಕಂಡಿದೀರಲ್ಲ, ಅಂಥದ್ದೇ ಚಪ್ಲಿ. ಅವತ್ತು ಮನೇಗೆ ಬಂದು ಬಾಗ್ಲು ಹಾಕ್ದ. ನಿಮ್ ಮ್ಯಾಲೆ ಎತ್ತಾಕಾಗ್ದಿದ್ದ ಕೈನ ನನ್ ಮ್ಯಾಲೆ ಎತ್ತಿದ. ಕೈ ಮುರೀತು. ಮುರ್ದಿದ್ದು ಶ್ಯಾಮಲಕ್ಕುಂದಲ್ಲ, ನಂದು."

ಯಜಮಾನರು ಕುರ್ಚಿಯ ಕೈ ಹಿಡಿದು ಏಳಲು ನೋಡಿದರು. "ಏಯ್ ಲೌಡಿ, ಯಾವನ್ ಹೇಳ್ಕೊಟ್ಟ ನಿಂಗೆ ಇದ್ನೆಲ್ಲ? ಪಾಸ್ಟ್ರೇ, ಮೈಕು ಕಿತ್ಕಳ್ರೀ! ವೈರ್ ಕೀಳ್ರೋ!" ಬಾಗಿಲಲ್ಲಿದ್ದ ಡ್ರೈವರ್ ಮೊಬೈಲ್ ಇಳಿಸಿ ಒಳಗೆ ಬರಲು ನೋಡಿದ. ಬಾಗಿಲ ಹತ್ತಿರ ಕೂತಿದ್ದ ನಮ್ಮವರು ಯಾರೂ ಅವನನ್ನು ತಡೆಯಲಿಲ್ಲ, ದಾರಿಯನ್ನೂ ಬಿಡಲಿಲ್ಲ. ಕೂತಲ್ಲೇ ಕೂತಿದ್ದರು. ಅಷ್ಟು ಜನರನ್ನು ತುಳಿಯದೆ ಅವನು ಮೇಜಿನ ತನಕ ಬರುವಂತಿರಲಿಲ್ಲ. ಪಾಸ್ಟರ್ ವೈರಿನ ಕಡೆ ಒಂದು ಹೆಜ್ಜೆ ಇಟ್ಟರು. ನಾನು ಎದ್ದು ವೈರಿಗೂ ಅವರಿಗೂ ನಡುವೆ ಹೋಗಿ ನಿಂತೆ. ಅವರು ನನ್ನ ಮುಖ ನೋಡಿದರು, ಮರಿಯಣ್ಣನ ಮುಖ ನೋಡಿದರು. ನಿಧಾನಕ್ಕೆ ಹಿಂದೆ ಸರಿದು, ಗೋಡೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟರು.

ಆಶಾರಾಣಿ ಕುರ್ಚಿಯ ಮುಂದೆ ಹೋಗಿ ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಡಿಸುವಾಗ ಮಾತಾಡುವ ಹಾಗೆ ಮಾತಾಡಿದಳು.

"ಲೋಕೇಶುಂದು ಭಾವ ಹೇಳಿದ್ರು. ನಂದು ನಾನು ಹೇಳ್ದೆ. ಉಳ್ದಿದ್ದು ನಿಮ್ಮುದು ಬುದ್ಧಿ. ಈ ಮನೇಗೆ ಬಂದೋರು ಸಾಕ್ಷಿ ಹೇಳ್ದೆ ಹೋಗಂಗಿಲ್ಲ." ಹಾಗಂದು ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದಳು.

ಯಜಮಾನರು ಮುಖ ಎಡಕ್ಕೆ ತಿರುಗಿಸಿದರು, ಮೈಕೂ ಎಡಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದರು, ಅದೂ ಬಂತು. ಅದನ್ನು ತಳ್ಳಬೇಕೆಂದರೆ ಅವಳ ಕೈ ಮುಟ್ಟಬೇಕಿತ್ತು. ಕೈ ಎತ್ತಿದವರು ಅಷ್ಟಕ್ಕೇ ನಿಲ್ಲಿಸಿದರು. ಎದ್ದು ಹೋಗೋಣವೆಂದರೆ ಚಾಪೆಯ ಮೇಲೆ ಕೂತ ನಾವೆಲ್ಲ ಬಾಗಿಲ ತನಕ ತುಂಬಿಕೊಂಡಿದ್ದೆವು. ಅವರು ಆಗ ಮೊದಲ ಸಲ ತಮ್ಮ ಕಾಲನ್ನು ಒಳಕ್ಕೆಳೆದುಕೊಂಡು ಕುರ್ಚಿಯ ಕೆಳಗೆ ಇಟ್ಟುಕೊಂಡರು.

ಸ್ಪೀಕರ್‌ನಲ್ಲಿ ಬರೀ ಅವರ ಉಸಿರು ಹೋಗುತ್ತಿತ್ತು. ಬೇವಿನ ಮರದಿಂದ ತೋಟ ದಾಟಿ, ಅವರ ಮನೆ ದಾಟಿ, ದೇವಸ್ಥಾನದ ಕಟ್ಟೆಯ ಮೇಲೆ ಕೂತವರ ಕಿವಿಗೆ.

ಹೊಸಬರು ಮೈಕಿನ ಮುಂದೆ ತಡವರಿಸಿದರೆ ಧೈರ್ಯ ಹೇಳುವುದು ಸಭೆಯ ಹಿರಿಯರ ಕೆಲಸ. ಮುಂದಿನ ಸಾಲಿನಲ್ಲಿ ಕೂತಿದ್ದ ಚಲುವಮ್ಮಜ್ಜಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ನಡೆದದ್ದರಲ್ಲಿ ಎಷ್ಟು ತಿಳಿದಿತ್ತೋ ಏನೋ. ಅವಳು ಕೈ ಚಾಚಿ, ತಡಕಿ, ಯಜಮಾನರ ಮೊಣಕಾಲು ಸಿಕ್ಕಿದ್ದನ್ನು ಮೆಲ್ಲಗೆ ತಟ್ಟಿದಳು.

"ಹೇಳಪ್ಪ, ಹೆದ್ರುಕೋಬ್ಯಾಡ," ಅಂದಳು. "ಮೊದ್ಲು ಸಲ ಎಲ್ರಿಗೂ ನಾಚ್ಕೆ ಆಯ್ತದೆ."